ಕೂಸನ್ನ ಯಾರ ಕೈಗೆ ಕೊಡ್ತಾರೆ? ಡೇ ಕೇರ್ ಹುಡುಕೋರು ಮೊದಲು ಕೇಳಬೇಕಾದದ್ದು

(ಈ ವಾರದ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಇವತ್ತು ಇಎಂಐ, ಎಸ್‌ಐಪಿ ಯಾವುದೂ ಇಲ್ಲ. ಇವತ್ತು ನನ್ನ ಅಕ್ಕನ ಮಗಳ ವಿಷಯ. ಹದಿನಾಲ್ಕು ತಿಂಗಳ ಕೂಸು.

ಅಕ್ಕ ರಾಯಚೂರಿನ ಒಂದು ಖಾಸಗಿ ಕಚೇರಿಯಲ್ಲಿ ಅಕೌಂಟ್ಸ್ ನೋಡ್ತಾಳೆ. ಒಂದು ಬುಧವಾರ ಸಂಜೆ ಫೋನ್ ಮಾಡಿ, "ತಮ್ಮಾ, ಇವತ್ತು ಕ್ಲೋಸಿಂಗ್ ಐತಿ, ಲೇಟ್ ಆಗ್ತದ. ಕೂಸನ್ನ ನೀನೇ ಕರ್ಕೊಂಡ್ ಬಾ" ಅಂದಳು. ಡೇ ಕೇರ್‌ಗೆ ಸೇರಿಸಿ ಆಗ ನಾಲ್ಕನೇ ದಿನ. ನಾನು ಆ ಜಾಗ ನೋಡಿರಲೇ ಇಲ್ಲ. ಗೇಟ್ ಹತ್ತಿರ ಒಬ್ಬ ಹುಡುಗಿ ನಿಂತಿದ್ದಳು. ಕೂಸಿನ ಹೆಸರು ಹೇಳಿ, "ನಾನು ಅವರ ಮಾಮಾ" ಅಂದೆ. ಅಷ್ಟೇ. ಒಂದು ನಿಮಿಷದಲ್ಲಿ ಕೂಸು, ಬ್ಯಾಗು, ನೀರಿನ ಬಾಟಲಿ ಎಲ್ಲಾ ನನ್ನ ಕೈಯಲ್ಲಿ. ಪರವಾಗಿಲ್ಲ, ಸರ್ವಿಸ್ ಫಾಸ್ಟ್ ಐತಿ ಅಂತ ಖುಷಿನೂ ಪಟ್ಟೆ.

ತೀನ್ ಕಂದೀಲ್ ಹತ್ತಿರ ಆಟೋ ಟ್ರಾಫಿಕ್‌ನಲ್ಲಿ ನಿಂತಾಗ ಹೊಟ್ಟೆಯಲ್ಲಿ ಒಂಥರಾ ಆಯ್ತು. ನನ್ನ ಹೆಸರು ಯಾರೂ ಕೇಳಲಿಲ್ಲ. ಅಕ್ಕನಿಗೆ ಫೋನ್ ಹೋಗಲಿಲ್ಲ. ಎಲ್ಲೂ ಸಹಿ ಮಾಡಲಿಲ್ಲ. ಕೂಸಿನ ಹೆಸರು ಗೊತ್ತಿರೋ ಯಾರು ಬಂದಿದ್ರೂ ಕರ್ಕೊಂಡು ಹೋಗಬಹುದಿತ್ತು.

ಮನೆಗೆ ಬಂದು ಹೇಳಿದೆ. ಅಕ್ಕ ಬಹಳ ಹೊತ್ತು ಮಾತೇ ಆಡಲಿಲ್ಲ. ಮರುದಿನ ಹೋಗಿ ಕೇಳಿದ್ದಕ್ಕೆ ಸಿಕ್ಕ ಉತ್ತರ: "ಕೂಸು ನಕ್ಕೋತ ಹೋಯ್ತಲ್ರೀ ಮೇಡಂ, ಗುರುತಿನವರೇ ಅನ್ಕೊಂಡ್ವಿ." ನಮ್ಮ ಕೂಸು ಹಾಲಿನವನ ಜೊತೆನೂ ನಗ್ತದ, ಗ್ಯಾಸ್ ಸಿಲಿಂಡರ್ ತರೋನ ಜೊತೆನೂ ನಗ್ತದ.

ಸೇರಿಸೋ ಮುಂಚೆ ನಾವೇನು ನೋಡಿದ್ವಿ ಅಂತ ಆಮೇಲೆ ನೆನಪು ಮಾಡಿಕೊಂಡೆ. ಗೋಡೆ ಮೇಲೆ ಕಾರ್ಟೂನ್ ಇದೆಯಾ, ಎಸಿ ಇದೆಯಾ, ಸಿಸಿಟಿವಿ ಇದೆಯಾ, ಇಂಗ್ಲಿಷ್ ರೈಮ್ಸ್ ಹೇಳಿಕೊಡ್ತಾರಾ, ಫೀ ಎಷ್ಟು. ಕೂಸನ್ನ ಯಾರು ಎತ್ತಿಕೊಳ್ತಾರೆ, ಯಾರ ಕೈಗೆ ಕೊಡ್ತಾರೆ ಅನ್ನೋದು ನಮ್ಮ ಪಟ್ಟಿಯಲ್ಲೇ ಇರಲಿಲ್ಲ.

ಒಂದು ಗೊಂದಲ ಮೊದಲು ಬಿಡಿಸಿಕೊಳ್ಳೋಣ. ನಮ್ಮ ಊರುಗಳಲ್ಲಿ 'ಡೇ ಕೇರ್' ಅಂತ ಬೋರ್ಡ್ ಇದ್ದರೂ ಒಳಗೆ ಹೋದರೆ ಎಷ್ಟೋ ಕಡೆ ಸಿಗೋದು ಪ್ಲೇ ಸ್ಕೂಲ್. ಎರಡೂವರೆ ವರ್ಷ ಆಗಿರಬೇಕು, ಮಧ್ಯಾಹ್ನದ ಹೊತ್ತಿಗೆ ಬಿಡ್ತಾರೆ, ಬೇಸಿಗೆಯಲ್ಲಿ ರಜೆ. ಕೆಲಸಕ್ಕೆ ಹೋಗೋ ತಾಯಿಗೆ ಅದರಿಂದ ಉಪಯೋಗ ಕಡಿಮೆ. ಅಂಗನವಾಡಿ ಇದೆ, ಆದರೆ ಅಲ್ಲಿ ಕೂತು ಆಡಿ ಕಲಿಯೋದು 3ರಿಂದ 6 ವರ್ಷದ ಮಕ್ಕಳು. ಅದಕ್ಕಿಂತ ಸಣ್ಣವರ ಆಹಾರದ ಪೊಟ್ಟಣ ಮನೆಗೆ ಬರ್ತದೆ, ಕೂಸು ಮನೆಯಲ್ಲೇ ಇರ್ತದೆ.

ನಾನು ಬಿಕಾಂ ಮಾಡಿದವನು, ಲೆಕ್ಕ ಹಾಕದೆ ಇರೋಕಾಗಲ್ಲ. 2017ರ ತಿದ್ದುಪಡಿ ಬಂದ ಮೇಲೆ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ, ಅಂದರೆ ಸುಮಾರು 6 ತಿಂಗಳು. ಅಂಗನವಾಡಿ ಬಾಗಿಲು ತೆರೆಯೋದು 36ನೇ ತಿಂಗಳಿಗೆ. ನಡುವೆ ಉಳಿದದ್ದು 30 ತಿಂಗಳು. ಕೂಸಿಗೆ ಬಾಯಿಬಿಟ್ಟು ಏನೂ ಹೇಳೋಕೆ ಬರದ ದಿನಗಳು ಬಹುಪಾಲು ಇದರಲ್ಲೇ ಬರ್ತಾವೆ.

ಈ 30 ತಿಂಗಳಿಗೆ ನಮ್ಮ ಕಡೆ ಇರೋ ಉತ್ತರ ಒಂದೇ: ಅಜ್ಜಿ. ನಮ್ಮನೆ ದೇವದುರ್ಗ, ಅಕ್ಕನ ಅತ್ತೆಯವರ ಊರು ಮಾನ್ವಿ ತಾಲ್ಲೂಕು. ಅಕ್ಕ ಮೊದಲು ಕೂಸನ್ನ ಅತ್ತೆಯವರ ಹತ್ತಿರ ಬಿಟ್ಟು ನೋಡಿದಳು. ಶನಿವಾರ ಸಂಜೆ ಬಸ್ ಹತ್ತೋದು, ಸೋಮವಾರ ಬೆಳಿಗ್ಗೆ ವಾಪಸ್. ಶಕ್ತಿ ಯೋಜನೆಯಿಂದ ಟಿಕೆಟ್ ದುಡ್ಡು ಉಳೀತು, ಅಳು ಉಳಿಯಲಿಲ್ಲ. ಅತ್ತೆಯವರಿಗೂ ಅರವತ್ತು ದಾಟಿದೆ, ಮೊಣಕಾಲು ನೋವು, ಹತ್ತಿ ಬಿಡಿಸೋ ಕಾಲಕ್ಕೆ ಅವರೂ ಹೊಲಕ್ಕೆ ಹೋಗಬೇಕು. ಅಜ್ಜಿ ಅಂದರೆ ಖಾಲಿ ಕೂತಿರೋ ಮನುಷ್ಯಳು ಅಂತ ನಾವು ತಿಳ್ಕೊಂಡಿರೋದೇ ತಪ್ಪು. ನಮ್ಮವ್ವ ಇದನ್ನೆಲ್ಲಾ ಕೇಳಿ, "ನಿಮ್ಮನ್ನ ಬೇವಿನ ಗಿಡಕ್ಕ ಸೀರಿ ಜೋಳಿಗಿ ಕಟ್ಟಿ ಹಾಕಿ ಕಳೆ ತೆಗೀತಿದ್ವಿ, ಇರಿವಿ ಬಂದ್ರೆ ನೀವ ಅಳ್ತಿದ್ರಿ, ಓಡಿ ಬರ್ತಿದ್ವಿ" ಅಂದಳು. ಅವ್ವನಿಗೆ ಅದು ತಮಾಷೆ. ನನಗೆ ಅನ್ನಿಸಿದ್ದು, ಅಳು ಕೇಳಿದ ಕೂಡಲೇ ಓಡಿ ಬರೋವಷ್ಟು ಹತ್ತಿರ ಆಕೆ ಇದ್ದಳಲ್ಲ ಅಂತ.

ಹಳ್ಳಿಗಳ ಮಟ್ಟಿಗೆ ಸರ್ಕಾರದ್ದೂ ಒಂದು ಉತ್ತರ ಇದೆ. 2023-24ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯೋದಾಗಿ ಹೇಳಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗೋ ತಾಯಂದಿರ, 3 ವರ್ಷದೊಳಗಿನ ಮಕ್ಕಳನ್ನ ನೋಡ್ಕೊಳ್ಳೋ ಮನೆ. ಅದೇ ಊರಿನ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಕೂಲಿ ಕೊಟ್ಟು ನಡೆಸೋ ಲೆಕ್ಕ. ನನಗೆ ಇದು ಒಳ್ಳೆ ಆಲೋಚನೆ ಅನ್ನಿಸ್ತದೆ, ಏಕೆಂದರೆ ನೋಡ್ಕೊಳ್ಳೋಳು ಯಾರ ಮನೆಯವಳು ಅಂತ ಊರಿಗೆಲ್ಲಾ ಗೊತ್ತಿರ್ತದೆ. ಒಂದು ತೊಡಕಿದೆ. ಉದ್ಯೋಗ ಖಾತ್ರಿಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ ಅನ್ನೋ ಲೆಕ್ಕದಲ್ಲಿ ಶುರುವಾದದ್ದರಿಂದ ನೋಡ್ಕೊಳ್ಳೋರು ಸರದಿ ಮೇಲೆ ಬದಲಾಗ್ತಾರೆ. ಕೂಸಿಗೆ ಒಂದು ಮುಖ ಗುರುತು ಸಿಗೋ ಹೊತ್ತಿಗೆ ಇನ್ನೊಂದು ಮುಖ. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ ಅಂತ ಪಿಡಿಒ ಹತ್ತಿರ ಕೇಳಿ. ಇದ್ದರೆ, ಯಾರು ಯಾವ ತಿಂಗಳು ಇರ್ತಾರೆ ಅಂತಾನೂ ಕೇಳಿ.

ಕಚೇರಿ ದೊಡ್ಡದಿದ್ದರೆ ಇನ್ನೊಂದು ದಾರಿ. 50 ಅಥವಾ ಹೆಚ್ಚು ಜನ ಕೆಲಸ ಮಾಡೋ ಸಂಸ್ಥೆ ಮಕ್ಕಳನ್ನ ನೋಡ್ಕೊಳ್ಳೋ ವ್ಯವಸ್ಥೆ ಮಾಡಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನ ನೋಡೋಕೆ ಬಿಡಬೇಕು ಅಂತ ಅದೇ 2017ರ ತಿದ್ದುಪಡಿ ಹೇಳಿತು. 50 ಅಂದರೆ ಗಂಡಸರೂ ಸೇರಿ, ಬರೀ ಹೆಂಗಸರ ಲೆಕ್ಕ ಅಲ್ಲ. ನೀವು ಕೆಲಸ ಮಾಡೋ ಆಸ್ಪತ್ರೆ, ಕಾಲೇಜು, ಶೋರೂಂ ಅಷ್ಟು ದೊಡ್ಡದಿದ್ದರೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಒಬ್ಬರೇ ಹಾಕಬೇಡ್ರಿ, ನಾಲ್ಕು ಜನ ಸೇರಿ ಹಾಕ್ರಿ. ಅಕ್ಕನ ಕಚೇರಿಯಲ್ಲಿ ಇರೋದು ಹದಿನೆಂಟು ಜನ, ಅಲ್ಲಿಗೆ ಆ ಕಥೆ ಮುಗೀತು.

ಹಾಗಾದರೆ ಖಾಸಗಿ ಜಾಗ ಹುಡುಕೋದೇ. ಈ ಸಲ ನಾನೂ ಅಕ್ಕನ ಜೊತೆ ತಿರುಗಾಡಿದೆ.

ಮೊದಲನೇ ಪ್ರಶ್ನೆ ನಿಮಗೆ ಗೊತ್ತೇ ಇದೆ: ಕೂಸನ್ನ ಯಾರ ಕೈಗೆ ಕೊಡ್ತೀರಿ? ಬರೆದಿಟ್ಟ ಹೆಸರು, ಫೋಟೋ ಇರಬೇಕು. ಬೇರೆಯವರು ಬಂದರೆ ತಾಯಿಗೋ ತಂದೆಗೋ ಅವರೇ ಫೋನ್ ಮಾಡಬೇಕು. ಬಂದವರು ತಮ್ಮ ಮೊಬೈಲಿಂದ ಫೋನ್ ಹಚ್ಚಿ ಕೊಟ್ಟರೆ ಅದು ಲೆಕ್ಕಕ್ಕಿಲ್ಲ.

ಎರಡನೇದು, ಒಬ್ಬ ಹೆಂಗಸಿಗೆ ಎಷ್ಟು ಕೂಸು. ಕೇಂದ್ರ ಸರ್ಕಾರ 2018ರಲ್ಲಿ ಕ್ರೆಷ್‌ಗಳಿಗೆ ಅಂತ ತಂದ ಮಾರ್ಗಸೂಚಿಯಲ್ಲಿ 3 ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು ಅನ್ನೋ ಅಳತೆ ಇದೆ. ನನ್ನ ಕೇಳಿದ್ರೆ ಹತ್ತೂ ಹೆಚ್ಚೇ. ಒಂದು ಕೂಸಿಗೆ ಅನ್ನ ತಿನ್ನಿಸೋಕೆ ಇಪ್ಪತ್ತು ನಿಮಿಷ ಅನ್ನಿ, ಮನೆಯಲ್ಲಿ ಅದಕ್ಕಿಂತ ಜಾಸ್ತಿನೇ ಹಿಡೀತದೆ. ಹತ್ತು ಕೂಸಿಗೆ 200 ನಿಮಿಷ, ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ. ಕೊನೇ ಕೂಸು ಉಣ್ಣೋ ಹೊತ್ತಿಗೆ ಮೊದಲನೇದಕ್ಕೆ ಮತ್ತೆ ಹಸಿವು. ಒಂದು ಕಡೆ ನಮಗೆ "ಇಪ್ಪತ್ತು ಮಕ್ಕಳಿಗೆ ಐದು ಸ್ಟಾಫ್" ಅಂದ್ರು. ಯಾರ್ಯಾರು ಅಂತ ಬೆರಳು ಮಡಚಿ ಕೇಳಿದಾಗ ಅಡುಗೆಯವರು, ಆಟೋ ಓಡಿಸೋರು, ಫೀ ತಗೊಳ್ಳೋರು ಎಲ್ಲಾ ಆ ಐದರಲ್ಲಿದ್ದರು. ಕೂಸು ಎತ್ತಿಕೊಳ್ಳೋಳು ಒಬ್ಬಳೇ. ಅದಕ್ಕೇ 'ಸ್ಟಾಫ್ ಎಷ್ಟು' ಅಂತ ಕೇಳಬೇಡ್ರಿ, 'ಮಧ್ಯಾಹ್ನ ಎರಡು ಗಂಟೆಗೆ ಮಕ್ಕಳ ರೂಮಿನಲ್ಲಿ ಯಾರಿರ್ತಾರೆ' ಅಂತ ಕೇಳ್ರಿ.

ಆ ಎರಡು ಗಂಟೆಗೆ ನೀವೂ ಹೋಗಿ ನೋಡ್ರಿ, ಹೇಳದೆ. ಬೆಳಿಗ್ಗೆ ಹತ್ತಕ್ಕೆ ಹೋದರೆ ಎಲ್ಲಾ ಕಡೆ ಚಂದನೇ ಇರ್ತದೆ. ಊಟ ಆಗಿ, ಮಕ್ಕಳು ಮಲಗಿ, ಕರೆಂಟ್ ಹೋಗಿ, ನೋಡ್ಕೊಳ್ಳೋಳಿಗೂ ತೂಕಡಿಕೆ ಬರೋ ಹೊತ್ತಿನಲ್ಲಿ ಆ ಜಾಗ ಹೇಗಿರ್ತದೆ ಅನ್ನೋದು ಮುಖ್ಯ. ಒಳಗೆ ಬಿಡಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬರ್ರಿ. ಎಲ್ಲಾ ಮಕ್ಕಳೂ ಒಂದೇ ಹೊತ್ತಿಗೆ, ಅಲ್ಲಾಡದೆ, ಎರಡು-ಮೂರು ತಾಸು ಮಲಗಿದ್ದರೆ ಅದೂ ಅನುಮಾನ ಪಡೋ ವಿಷಯನೇ. ನೀವು ಕೊಡದೇ ಇರೋ ಯಾವ ಸಿರಪ್ಪೂ ಕೂಸಿನ ಬಾಯಿಗೆ ಹೋಗಬಾರದು ಅಂತ ಮೊದಲನೇ ದಿನವೇ ಹೇಳಿಬಿಡ್ರಿ.

ನೀರು. 2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತದ್ದು ನಿಮಗೆ ನೆನಪಿರಬೇಕು. ಆಮೇಲೂ ಕುಡಿಯೋ ನೀರು ಎಲ್ಲಿಂದ ಬರ್ತದೆ ಅಂತ ಕೇಳೋಕೆ ನಾಚಿಕೆ ಯಾಕೆ? ಬಾಟಲಿ ತೊಳೆಯೋ ನೀರು ಯಾವುದು ಅಂತಾನೂ ಕೇಳ್ರಿ. ಹಾಗೇ ಬೇಸಿಗೆ. ಏಪ್ರಿಲ್-ಮೇ ನಮ್ಮ ಬಿಸಿಲು ನಿಮಗೆ ನಾನು ಹೇಳಬೇಕಿಲ್ಲ. ತಗಡಿನ ಶೆಡ್ ಆದರೆ ಬೇಡ, ಮೇಲಿನ ಮಹಡಿ ಆದರೂ ಬೇಡ. ಆ ಎರಡು ತಿಂಗಳು ತೆಗೆದಿರ್ತೀರಾ ಅಂತ ಕೇಳಿಕೊಳ್ರಿ. ಸರ್ಕಾರಿ ಕಚೇರಿಗಳಿಗಾದರೆ ನಮ್ಮ ಭಾಗದಲ್ಲಿ ಬೇಸಿಗೆ ಟೈಮಿಂಗ್ ಅಂತ ಇದೆ, ಅಕ್ಕನಂಥವರಿಗೆ ಅದೂ ಇಲ್ಲ.

ಸಿಸಿಟಿವಿ ಬಗ್ಗೆ ಒಂದೇ ಮಾತು. ಇದ್ದರೆ ಒಳ್ಳೇದು, ಆದರೆ ಕ್ಯಾಮೆರಾ ಕೂಸನ್ನ ಎತ್ತಿಕೊಳ್ಳಲ್ಲ. ಏನಾದರೂ ನಿಜವಾಗಲೂ ಕೆಟ್ಟದ್ದು ಕಂಡರೆ ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕೋ ಮುಂಚೆ 1098ಕ್ಕೆ ಕರೆ ಮಾಡ್ರಿ, ಅದು ಮಕ್ಕಳ ಸಹಾಯವಾಣಿ.

ಈಗ ದುಡ್ಡು. ನಮ್ಮನೆಯಲ್ಲಿ ಜಗಳ ಆದದ್ದು ಇಲ್ಲೇ. ಉದಾಹರಣೆಗೆ ಅಂತ ಇಟ್ಕೊಳ್ರಿ: ತಾಯಿ ಸಂಬಳ 18,000, ತಂದೆಯದು 25,000. ಡೇ ಕೇರ್ ಫೀ 4,000, ಆಟೋಗೆ 1,500, ಒಟ್ಟು 5,500. ಮನೆಯವರೆಲ್ಲಾ ಏನ್ ಮಾಡ್ತಾರೆ ಅಂದ್ರೆ ಈ 5,500ನ್ನ ಸೀದಾ ತಾಯಿ ಸಂಬಳದಿಂದ ಕಳೀತಾರೆ. "ಉಳಿಯೋದು 12,500, ಅದಕ್ಕ್ಯಾಕ ಇಷ್ಟು ಒದ್ದಾಟ, ಮನಿಯಾಗ ಇರು" ಅಂತಾರೆ. ಕೂಸು ಇಬ್ಬರದ್ದಲ್ಲೇನ್ರೀ? ಅದೇ 5,500ನ್ನ ಮನೆಯ ಒಟ್ಟು 43,000ದಿಂದ ಕಳೀರಿ. ಮೊದಲನೇ ಲೆಕ್ಕದಲ್ಲಿ ನೂರಕ್ಕೆ 30 ರೂಪಾಯಿಗಿಂತ ಹೆಚ್ಚು ಖರ್ಚು, ಎರಡನೇದರಲ್ಲಿ ನೂರಕ್ಕೆ 13ಕ್ಕಿಂತ ಕಡಿಮೆ. ಖರ್ಚು ಬದಲಾಗಿಲ್ಲ, ಬರೆದ ಕಾಲಂ ಬದಲಾಗಿದೆ. ಭಾವನಿಗೆ ಇದನ್ನ ಪೇಪರ್ ಮೇಲೆ ಬರೆದು ತೋರಿಸಿದೆ. ಅವರು ಏನೂ ಅನ್ನಲಿಲ್ಲ, ಆದರೆ ಮುಂದಿನ ತಿಂಗಳಿಂದ ಆಟೋದವನಿಗೆ ಅವರೇ ಫೋನ್‌ಪೇ ಮಾಡ್ತಿದ್ದಾರೆ.

ಕೂಸು ಈಗ ಇರೋದು ಒಬ್ಬ ಆಂಟಿ ಮನೆಯಲ್ಲಿ. ಬೋರ್ಡ್ ಇಲ್ಲ, ಕಾರ್ಟೂನ್ ಇಲ್ಲ, ಒಟ್ಟು ಐದು ಮಕ್ಕಳು. ತೊಂದರೆನೂ ಇದೆ: ಅವರಿಗೆ ಜ್ವರ ಬಂದರೆ ಅಕ್ಕನಿಗೆ ರಜೆ. ಸೇರಿಸಿದ ದಿನ ಅವರು ಅಕ್ಕ, ಭಾವ, ಅಜ್ಜಿ ಮೂವರ ಫೋಟೋ ತಮ್ಮ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡರು. ನಂದು ಅದರಲ್ಲಿ ಇರಲಿಲ್ಲ.

ಹೋದ ತಿಂಗಳು ಮತ್ತೆ ಕ್ಲೋಸಿಂಗ್, ಮತ್ತೆ ನಾನೇ ಹೋದೆ. ಜಾಲರಿ ಬಾಗಿಲ ಹಿಂದೆ ನಿಂತು "ಯಾರ್ರೀ ನೀವು?" ಅಂದ್ರು. ಮಾಮಾ ಅಂದೆ. "ಇರ್ರಿ, ಅವರವ್ವಗ ಫೋನ್ ಹಚ್ತೀನಿ." ಅಕ್ಕ ಮೀಟಿಂಗ್‌ನಲ್ಲಿ, ಫೋನ್ ಎತ್ತಲಿಲ್ಲ. ಹತ್ತು ನಿಮಿಷ ಬಿಸಿಲಲ್ಲಿ ನಿಂತೆ. ಒಳಗಿಂದ ಕೂಸು ನನ್ನ ನೋಡಿ "ಮಾಮಾ, ಮಾಮಾ" ಅಂತ ಜಾಲರಿ ಬಡೀತಿತ್ತು. ಆಂಟಿ ಅದನ್ನ ಎತ್ಕೊಂಡು ಸುಮ್ಮನೆ ನಿಂತಿದ್ರು. ಅಕ್ಕನ ಫೋನ್ ಬರೋವರೆಗೂ ಚಿಲಕ ತೆಗೀಲಿಲ್ಲ.

ದೇವದುರ್ಗ, ಮಾನ್ವಿ ಕಡೆಯವರು, ನಿಮ್ಮ ಪಂಚಾಯಿತಿಯ ಕೂಸಿನ ಮನೆ ನಡೀತಿದೆಯಾ, ಎಷ್ಟು ಹೊತ್ತು ತೆಗೆದಿರ್ತದೆ ಅಂತ ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ವಾರ ಸಿಗೋಣ.