ಹಿಂದಿನ ಸೀಟಿನ ಗೆಳೆಯ

ದಾವಣಗೆರೆಯ ಕಾಲೇಜುಗಳು ಬಿಡುವ ಹೊತ್ತಿನಲ್ಲಿ, ಮೀಸೆ ಚಿಗುರುತ್ತಿರುವ ಹುಡುಗನೊಬ್ಬನು ತಂದೆಯ ಬೈಕಿನ ಮೇಲೆ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು, ಸುಮಾರು 14 ಕಿಲೋಮೀಟರ್ ದೂರದ ಹರಿಹರದ ತುಂಗಭದ್ರಾ ತೀರದತ್ತ ವಾಯುವೇಗದಿಂದ ಧಾವಿಸುವುದನ್ನು ಕಂಡು, ‘ಇವನಿಗೆ ಬುದ್ಧಿಯಿಲ್ಲ’ ಎಂದು ನಾವು ಉದ್ಗರಿಸುವುದುಂಟು. ಅದು ಅರ್ಧಸತ್ಯ ಮಾತ್ರ. ಅಪಾಯವನ್ನು ಅವನೂ ಬಲ್ಲನು, ಕೇಳಿದರೆ ನಮಗಿಂತ ಚೆನ್ನಾಗಿಯೇ ವಿವರಿಸಿಯಾನು. ಆದರೆ ಮಿದುಳಿನ ಅಂತರಾಳದಲ್ಲಿ ಡೋಪಮಿನ್ ಎಂಬ ರಾಸಾಯನಿಕದ ನೆರವಿನಿಂದ ಸುಖದ ನಿರೀಕ್ಷೆಯನ್ನು ಕೆರಳಿಸುವ ಕೇಂದ್ರವು ತಾರುಣ್ಯದ ಹೊಸ್ತಿಲಲ್ಲೇ ಪ್ರಬಲವಾಗುತ್ತದೆ; ಹಣೆಯ ಹಿಂದಿರುವ ವಿವೇಕ ಸಂಯಮಗಳ ಭಾಗವಾದರೋ ಇಪ್ಪತ್ತೈದರ ಆಸುಪಾಸಿನವರೆಗೂ ಪಕ್ವವಾಗುತ್ತಲೇ ಇರುತ್ತದೆ.

2005ರಲ್ಲಿ ಅಮೆರಿಕದ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ ಎಂಬ ವಿದ್ವಾಂಸರು ವಾಹನ ನಡೆಸುವ ಕಂಪ್ಯೂಟರ್ ಆಟವೊಂದನ್ನು ಆಡಿಸಿ ನೋಡಲಾಗಿ, ಗೆಳೆಯರು ಬಳಿಯಿದ್ದಾಗ ಹದಿಹರೆಯದವರ ದುಸ್ಸಾಹಸವು ಹೆಚ್ಚಿತು. ಪ್ರೌಢರಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ಅಂದಮೇಲೆ ಹಿಂದಿನ ಸೀಟಿನ ಚಪ್ಪಾಳೆಯೂ ಆಕ್ಸಿಲರೇಟರನ್ನು ತಿರುವುತ್ತದೆ!

ಕೀಲಿಕೈ ಕೊಟ್ಟವರನ್ನು ಕಾನೂನು ಮರೆತಿಲ್ಲ: 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನಂತೆ, ಅಪ್ರಾಪ್ತನ ಅಪರಾಧಕ್ಕಾಗಿ ಪಾಲಕರಿಗೆ 3 ವರ್ಷಗಳವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಪ್ರಾಪ್ತವಾಗಬಹುದು. ಆದುದರಿಂದ ತಂದೆತಾಯಿಗಳೇ, ಮಗನಿಗೆ ಲೈಸೆನ್ಸು ದೊರೆಯುವವರೆಗೆ ಬೈಕಿನ ಕೀಲಿಯನ್ನು ನಿಮ್ಮಲ್ಲಿಯೇ ಇರಿಸಿಕೊಳ್ಳಿರಿ.