ಕೊನೆಯ ಪಂಕ್ತಿಯ ಅನ್ನ

ಬಸವಕಲ್ಯಾಣ ದಾಸೋಹದ ನೆಲ. ಪಕ್ಕದ ಹುಮನಾಬಾದಿನಲ್ಲಿ ವೀರಭದ್ರೇಶ್ವರ ಜಾತ್ರೆ, ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಜಾತ್ರೆ. ಜಾತ್ರೆಯಿರಲಿ, ಮದುವೆಯಿರಲಿ, ನಸುಕಿನಲ್ಲೇ ಕೊಪ್ಪರಿಗೆ ಒಲೆ ಏರುತ್ತದೆ. ಪಂಕ್ತಿಗಳು ಇಳಿಹೊತ್ತಿನವರೆಗೂ ಏಳುತ್ತಿರುತ್ತವೆ. ವಾಂತಿ-ಭೇದಿಯ ಬೀಜ ಮೊಳೆಯುವುದು ಈ ನಡುವಿನ ಹೊತ್ತಿನಲ್ಲೇ.

ಮಧ್ಯಾಹ್ನ ಆ ಕೊಪ್ಪರಿಗೆಯ ಅನ್ನಕ್ಕೆ ಸೌಟು ಇಳಿಸಿ ನೋಡಿ. ಮೇಲಿನ ಪದರ ಆರಿರುತ್ತದೆ; ನಡುವಿನದು ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಹದವಾದ ಬಿಸಿಯಲ್ಲಿ ಕೆಲವು 20 ನಿಮಿಷಕ್ಕೊಮ್ಮೆ ಇಮ್ಮಡಿಸುತ್ತವೆ. ಹಾಗೆ ಒಂದೇ ಒಂದು ಜೀವಾಣು 7 ಗಂಟೆಯಲ್ಲಿ 20 ಲಕ್ಷ ದಾಟುತ್ತದೆ. ಅಕ್ಕಿಯೊಂದಿಗೆ ಬರುವ ಬ್ಯಾಸಿಲಸ್ ಸೀರಿಯಸ್‌ನ ಬೀಜಕಗಳು ಕುದಿಯನ್ನೂ ತಾಳಿ, ಅನ್ನ ಆರಿದಾಗ ಚಿಗುರುತ್ತವೆ. ಬಡಿಸುವವರ ಬೆರಳಿನ ಗಾಯದಿಂದ ಬೀಳುವ ಸ್ಟ್ಯಾಫಿಲೊಕಾಕಸ್ ಬಿಡುವ ವಿಷವಂತೂ ಮತ್ತೆ ಕಾಯಿಸಿದರೂ ಅಳಿಯದು.

ಕಾರಣದ ಸುಳಿವು ಗಡಿಯಾರದಲ್ಲಿದೆ. ಉಂಡ ಕೆಲವೇ ಗಂಟೆಗಳಲ್ಲಿ ವಾಂತಿಯಾದರೆ, ಅನ್ನದಲ್ಲೇ ವಿಷ ಸಿದ್ಧವಾಗಿತ್ತು ಎಂದು ಸಂಶಯಿಸಬೇಕು. ಅರ್ಧ ದಿನದಿಂದ ಮೂರು ದಿನದೊಳಗೆ ಜ್ವರ, ಭೇದಿ ಕಾಣಿಸಿದರೆ ಸಾಲ್ಮೊನೆಲ್ಲಾದಂಥವು ಕರುಳಿನಲ್ಲಿ ಬೆಳೆದಿರಬಹುದು. ಮಳೆಗಾಲದಲ್ಲಿ ಓಣಿಗೆ ಓಣಿಯೇ ಮಲಗಿದರೆ ಮೊದಲು ನಲ್ಲಿ ನೀರನ್ನು ಪರೀಕ್ಷಿಸಬೇಕು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಜೀವಗಳನ್ನೇ ತೆಗೆಯಿತು.

ಕಾರಣ ಹಲವು, ಆದರೆ ಹೆಚ್ಚಾಗಿ ಜೀವಕ್ಕೆ ಎರವಾಗುವುದು ಒಂದೇ: ಮೈಯಿಂದ ನೀರು, ಉಪ್ಪು ಸೋರಿಹೋಗುವುದು. ಭೇದಿಯಾದಾಗ ನೀರು ಕೊಟ್ಟರೆ ಹೆಚ್ಚಾಗುತ್ತದೆ ಎಂಬ ಮಾತು ಅಪಾಯಕಾರಿ. ಕರುಳು ಗ್ಲೂಕೋಸನ್ನು ಹೀರುವಾಗ ಜೊತೆಗೆ ಸೋಡಿಯಂ ಒಳಹೋಗುತ್ತದೆ, ಅದರ ಬೆನ್ನಿಗೆ ನೀರೂ ಹೋಗುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸ್, ಉಪ್ಪು ಬೆರೆಸಿದ ದ್ರಾವಣವನ್ನೇ ಕುಡಿಸಿ, ಕಾಲರಾ ಸಾವನ್ನು ಶೇ. 30ರಿಂದ 4ರ ಒಳಗೆ ತಂದರು.

ಇಂಥದೇ ದ್ರಾವಣಕ್ಕಾಗಿ ಸಿಗುವ ಓಆರ್‌ಎಸ್ ಪೊಟ್ಟಣ ಕೈಗೆ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ. ಅಳತೆ ತಪ್ಪಬೇಡಿ. ಗುಟುಕು ಗುಟುಕಾಗಿ ಕುಡಿಸಿ. ಮಗುವಿಗೆ ಎದೆಹಾಲು ನಿಲ್ಲಿಸಬೇಡಿ. ವೈದ್ಯರು ಹೇಳಿದ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರೈಸಿ. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಂಪರು ಕವಿದರೆ ಆಸ್ಪತ್ರೆಗೆ ಓಡಿ.

ಅಡುಗೆ ಭಟ್ಟರಲ್ಲೊಂದು ಕೋರಿಕೆ. ಇಡೀ ದಿನದ ಅನ್ನವನ್ನು ಒಮ್ಮೆಗೇ ಬೇಯಿಸಬೇಡಿ. ಪಂಕ್ತಿ ಪಂಕ್ತಿಗೆ ಹೊಸದಾಗಿ ಬಸಿಯಿರಿ. ಕೊನೆಗೆ ಕೂತವರ ಎಲೆಯಲ್ಲೂ ಮೊದಲ ಪಂಕ್ತಿಯಂತೆಯೇ ಹಬೆ ಏಳುತ್ತಿರಲಿ.