ಏನೂ ತೋಚದಿದ್ದಾಗ

ಕತೆ ಬರೆಯುವವರಿಗೆ, ರಾಗಕ್ಕೆ ಪದ ಹೊಂದಿಸುವವರಿಗೆ, ಗಣಿತದ ಸಮಸ್ಯೆ ಬಿಡಿಸುವವರಿಗೆ, ನಾಳೆಯ ಪಾಠಕ್ಕೆ ಹೊಸ ದಾರಿ ಹುಡುಕುವ ಉಪಾಧ್ಯಾಯರಿಗೆ, ಎಲ್ಲರಿಗೂ ಒಂದಲ್ಲ ಒಂದು ದಿನ ಬರುವ ಕಷ್ಟ ಇದು. ಲೇಖನಿ ಕೈಯಲ್ಲಿದೆ, ಕಾಗದ ಮುಂದಿದೆ; ಆದರೆ ಏನೂ ತೋಚದು. ಹಟಹಿಡಿದು ಕುಳಿತಷ್ಟೂ ಬರೆದದ್ದನ್ನು ಹೊಡೆದುಹಾಕುವುದೇ ಕೆಲಸವಾಗುತ್ತದೆ. ಕೊನೆಗೆ ತನ್ನಲ್ಲಿದ್ದ ಸರಕೇ ಮುಗಿದುಹೋಯಿತೇನೋ ಎಂಬ ಹೆದರಿಕೆ. ಈ ಹೆದರಿಕೆಯಿಂದ ಒಳ್ಳೆಯ ಕೆಲಸವನ್ನು ಅರ್ಧಕ್ಕೇ ಕೈಬಿಡುವವರುಂಟು. ಆದುದರಿಂದ ಈ ತಡೆ ಏಕೆ ಬರುತ್ತದೆ, ಕೆಲಸಕ್ಕೆ ಬಿಡುವು ಕೊಡುವುದು ಹೇಗೆ ಎಂಬುದನ್ನು ಸ್ವಲ್ಪ ವಿಚಾರಮಾಡೋಣ.

ಮೊದಲು ಒಂದು ಲೆಕ್ಕ. ಅಬ್ರಹಾಂ ಲೂಚಿನ್ಸ್ ಎಂಬ ಮನಶ್ಶಾಸ್ತ್ರಜ್ಞರು ೧೯೪೨ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ೨೧, ೧೨೭, ೩ ಅಳತೆಯ ಮೂರು ಪಾತ್ರೆಗಳಿವೆ. ೧೦೦ ಅಳತೆ ನೀರು ಬೇಕು. ನಡುವಣ ದೊಡ್ಡ ಪಾತ್ರೆಯನ್ನು ತುಂಬಿ, ಅದರಿಂದ ಮೊದಲನೆಯದಕ್ಕೆ ಒಂದು ಸಲ, ಮೂರನೆಯದಕ್ಕೆ ಎರಡು ಸಲ ಸುರಿದರೆ ಉಳಿಯುವುದು ೧೦೦. ಇದೇ ಉಪಾಯದಿಂದ ಬಿಡಿಸುವ ಲೆಕ್ಕಗಳನ್ನು ಒಂದಾದಮೇಲೊಂದು ಕೊಟ್ಟು, ಬಳಿಕ ೨೩, ೪೯, ೩ ಅಳತೆಯ ಪಾತ್ರೆಗಳಿಂದ ೨೦ ಅಳತೆ ತೆಗೆಯಲು ಹೇಳಿದರು. ಹೆಚ್ಚಿನವರು ಹಳೆಯ ಸುತ್ತುದಾರಿಯನ್ನೇ ಹಿಡಿದರು. ಮೊದಲ ಪಾತ್ರೆಯಿಂದ ಮೂರನೆಯದಕ್ಕೆ ಒಮ್ಮೆ ಸುರಿದರೆ ಸಾಕು ಎಂಬುದು ಕಣ್ಣೆದುರಿಗಿದ್ದರೂ ಅವರಿಗೆ ಕಾಣಲಿಲ್ಲ!

ಮಣ್ಣುದಾರಿಯಲ್ಲಿ ಗಾಡಿಯ ಗಾಲಿ ಆಳವಾದ ಜಾಡಿಗೆ ಬಿದ್ದರೆ, ಎತ್ತುಗಳು ಎಷ್ಟು ಬಲವಾಗಿ ಎಳೆದರೂ ಗಾಡಿ ಅದೇ ಜಾಡಿನಲ್ಲಿ ಸಾಗುವುದಷ್ಟೆ? ಮನಸ್ಸೂ ಹಾಗೆಯೇ. ತೋಚದಿರುವುದು ಅನೇಕ ವೇಳೆ ಬುದ್ಧಿಯ ಬಡತನವಲ್ಲ, ಜಾಡಿನ ಬಲ. ಸ್ವಲ್ಪ ಹೊತ್ತು ದೂರ ಸರಿದರೆ ತಪ್ಪುದಾರಿಯ ಹಿಡಿತ ಸಡಿಲವಾಗುತ್ತದೆ; ಬಿಡುವಿನ ಗುಣಕ್ಕೆ ಮನಶ್ಶಾಸ್ತ್ರಜ್ಞರು ಕೊಡುವ ಕಾರಣಗಳಲ್ಲಿ ಇದೊಂದು.

ಫ್ರಾನ್ಸಿನ ಪ್ರಸಿದ್ಧ ಗಣಿತಜ್ಞ ಆನ್ರಿ ಪ್ವಾಂಕಾರೆ ೧೯೦೮ರಲ್ಲಿ ಪ್ಯಾರಿಸಿನಲ್ಲಿ ಮಾಡಿದ ಉಪನ್ಯಾಸದಲ್ಲಿ ತಮ್ಮ ಅನುಭವವನ್ನೇ ವಿವರಿಸಿದರು. ಹದಿನೈದು ದಿನ ಅವರು ಒಂದು ಬಗೆಯ ಗಣಿತವಿಚಾರದೊಂದಿಗೆ ಗುದ್ದಾಡಿದ್ದರು. ಅದರಲ್ಲಿ ಸ್ವಲ್ಪ ದಾರಿ ಕಂಡ ಮೇಲೆ, ಕಾನ್ ನಗರದಿಂದ ಭೂವಿಜ್ಞಾನದ ಪ್ರವಾಸಕ್ಕೆ ಹೊರಟರು. ಪ್ರಯಾಣದ ಗಡಿಬಿಡಿಯಲ್ಲಿ ಗಣಿತ ಮರೆತೇಹೋಯಿತು. ಕೂತಾಂಸ್ ಎಂಬ ಊರಿನಲ್ಲಿ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ ಮುಖ್ಯವಾದ ಸಂಬಂಧವೊಂದು ತಟ್ಟನೆ ಹೊಳೆಯಿತು. ಮತ್ತೊಮ್ಮೆ ಬೇರೊಂದು ಸಮಸ್ಯೆ ಬಗೆಹರಿಯದೆ ಬೇಸತ್ತು ಕಡಲತೀರಕ್ಕೆ ಹೋದರು. ಅಲ್ಲಿನ ಬಂಡೆದಂಡೆಯ ಮೇಲೆ ಅಡ್ಡಾಡುತ್ತಿದ್ದಾಗ ಉತ್ತರ ಸಿಕ್ಕಿತು.

ಇದನ್ನೋದಿ, ಸುಮ್ಮನೆ ತಿರುಗಾಡುತ್ತಿದ್ದರೆ ಎಲ್ಲವೂ ಹೊಳೆದೀತು ಎಂದು ತಿಳಿಯಬಾರದು. ಬಹುದಿನ ನಿಷ್ಫಲವೆಂದು ತೋರಿದ ದುಡಿಮೆಯೇ ಈ ಹೊಳಹಿಗೆ ಆಧಾರವೆಂದೂ, ಹೊಳೆದದ್ದನ್ನು ಮತ್ತೆ ಕುಳಿತು ಪರೀಕ್ಷಿಸಲೇಬೇಕೆಂದೂ ಪ್ವಾಂಕಾರೆಯವರೇ ಎಚ್ಚರಿಸಿದ್ದಾರೆ. ೧೯೨೬ರಲ್ಲಿ ಗ್ರಹಾಂ ವಾಲಸ್ ಇದನ್ನೇ ನಾಲ್ಕು ಘಟ್ಟಗಳಾಗಿ ವಿಂಗಡಿಸಿದರು: ಸಿದ್ಧತೆ, ಒಳಪಾಕ, ಹೊಳಹು, ಪರೀಕ್ಷೆ. ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಅಲುಗಿಸಿದರೆ ಮೊಸರು ಸರಿಯಾಗಿ ಕೂಡದು, ನಿಜ. ಆದರೆ ಹಾಲು ಕಾಯಿಸಿ ಹೆಪ್ಪು ಹಾಕದೆ ಮುಚ್ಚಿಟ್ಟರೆ ಬೆಳಿಗ್ಗೆ ಮೊಸರೆಲ್ಲಿಂದ ಬರಬೇಕು?

ಸಿಯೋ ಮತ್ತು ಆರ್ಮರಾಡ್ ಎಂಬ ಸಂಶೋಧಕರು ೨೦೦೯ರಲ್ಲಿ ೧೧೭ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಇಂಥದೇ ಫಲ ಕಂಡುಬಂತು. ಬಿಡುವಿನಿಂದ ಪ್ರಯೋಜನವುಂಟು; ಮೊದಲು ಹೆಚ್ಚು ಹೊತ್ತು ದುಡಿದಿದ್ದರೆ ಪ್ರಯೋಜನವೂ ಹೆಚ್ಚು; ಬಿಡುವಿನಲ್ಲಿ ತಲೆಗೆ ಭಾರವಾದ ಕೆಲಸ ತುಂಬಿದರೆ ಕಡಿಮೆ. ಮಾತಿನ ಒಗಟುಗಳ ವಿಷಯದಲ್ಲಂತೂ ಬರಿಯ ವಿಶ್ರಾಂತಿಗಿಂತ ಹಗುರವಾದ ಕೆಲಸವೇ ಮೇಲೆನಿಸಿತು.

ಹಾಗಾದರೆ ನೀವು ಮಾಡಬೇಕಾದುದೇನು? ಮೊದಲು ತಡೆಯ ಬಗೆಯನ್ನು ಗುರುತಿಸಿರಿ. ವಿಷಯವೇ ಸಾಲದಿದ್ದರೆ ಬಿಡುವಿನಿಂದ ಫಲವಿಲ್ಲ. ಪುಸ್ತಕಭಂಡಾರಕ್ಕೆ ಹೋಗಿರಿ, ತಿಳಿದವರನ್ನು ಕೇಳಿರಿ. ಮೈ ದಣಿದಿದ್ದರೆ ನಿದ್ದೆ ಮಾಡಿರಿ. ಬೇಸರವು ವಾರಗಟ್ಟಲೆ ಉಳಿದು, ಊಟ ನಿದ್ದೆಗಳನ್ನೂ ಕೆಡಿಸಿದರೆ ಅದು ಬರಿಯ ತೋಚದಿರುವಿಕೆಯಲ್ಲ. ವೈದ್ಯರನ್ನು ಕಾಣಲು ಸಂಕೋಚಪಡಬೇಡಿರಿ.

ಸಾಕಷ್ಟು ದುಡಿದಿದ್ದೂ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೊಡೆದುಹಾಕುತ್ತಿದ್ದರೆ, ಅದು ಏಳುವ ಹೊತ್ತು. ಏಳುವ ಮುನ್ನ, ಎಲ್ಲಿ ನಿಂತಿರಿ, ಮುಂದೆ ಬೇಕಾದುದೇನು ಎಂಬುದನ್ನು ಒಂದೆರಡು ಸಾಲಿನಲ್ಲಿ ಗುರುತುಹಾಕಿಕೊಳ್ಳಿರಿ. ಬಳಿಕ ಗಿಡಗಳಿಗೆ ನೀರು ಹಾಕಿರಿ, ಅಕ್ಕಿ ಆರಿಸಿರಿ, ಕೆರೆಯ ದಂಡೆಯವರೆಗೆ ನಡೆದುಬನ್ನಿರಿ. ಮೊಬೈಲನ್ನು ಮನೆಯಲ್ಲೇ ಬಿಟ್ಟರೆ ಉತ್ತಮ. ಅದು ಕೈಗೆ ಬಿಡುವು ಕೊಟ್ಟರೂ ಮನಸ್ಸಿಗೆ ಕೊಡುವುದಿಲ್ಲ. ಜೇಬಿನಲ್ಲಿ ತುಂಡು ಕಾಗದ, ಪೆನ್ಸಿಲು ಇರಲಿ. ಮರಳಿ ಕೂರುವ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಂಡು, ಏನೂ ಹೊಳೆಯದಿದ್ದರೂ ಆ ಹೊತ್ತಿಗೆ ತಪ್ಪದೆ ಬಂದು ಕುಳಿತುಕೊಳ್ಳಿರಿ.